ನನ್ನ ಉಪ್ಪು, ತಂಗಿಯ ಹುಣಸೆ

ಫೋನು ಬಂದಾಗ ನಾನು ದೀಪ ತಿಕ್ಕುತ್ತಾ ಕೂತಿದ್ದೆ. ಗುರುವಾರ ಬೆಳಗ್ಗೆ. ಶುಕ್ರವಾರಕ್ಕೆ ದೇವರ ಸಾಮಾನೆಲ್ಲಾ ಹೊಳೆಯಬೇಕು ಅನ್ನೋದು ನಮ್ಮಮ್ಮ ಹಾಕಿಕೊಟ್ಟ ಕಾನೂನು. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ಕಾನೂನು ಮಾತ್ರ ಹೋಗಿಲ್ಲ. ಹಲಸೂರಿನ ನಮ್ಮ ಮನೆಗೆ ಹಿತ್ತಲು ಅಂತ ಒಂದಿಲ್ಲ. ಬಚ್ಚಲ ಬಾಗಿಲ ಮುಂದೆ ಒಂದು ಮಣೆ ಹಾಕುವಷ್ಟು ಜಾಗವಿದೆ, ಅಲ್ಲಿ ಕೂತರೆ ಬೆನ್ನಿಗೆ ವಾಷಿಂಗ್ ಮಿಷೀನು, ಮೊಣಕಾಲಿಗೆ ಗೋಡೆ. ಭಕ್ತಿಗೆ ಇಷ್ಟು ಜಾಗ ಸಾಕು ಅಂತ ದೇವರೇ ಅಳೆದು ಕೊಟ್ಟಂತಿದೆ.

ಹಿತ್ತಾಳೆ ತಿಕ್ಕೋದಕ್ಕೆ ನಾನು ಪುಡಿ, ಲಿಕ್ವಿಡ್ಡು ಯಾವುದನ್ನೂ ಮುಟ್ಟುವುದಿಲ್ಲ. ಉಪ್ಪು ಬೆರೆಸಿಟ್ಟ ಹಳೇ ಹುಣಸೆಹಣ್ಣು, ಅಷ್ಟೆ. ನಮ್ಮ ತವರಲ್ಲಿ ವರ್ಷಕ್ಕಾಗುವ ಹುಣಸೆಯನ್ನು ಬಿಸಿಲಿಗೆ ಹಾಕಿ, ಬೀಜ ತೆಗೆದು, ಪದರಕ್ಕೊಂದು ಹಿಡಿ ದಪ್ಪುಪ್ಪು ಹಾಕಿ ಭರಣಿಗೆ ತುಂಬುತ್ತಿದ್ದರು. ಉಪ್ಪು ಬಿದ್ದರೆ ಹುಳ ಹಿಡಿಯುವುದಿಲ್ಲ. ಎರಡು ವರ್ಷ ಕಳೆದರೂ ಸಾರಿಗೂ ಬರುತ್ತೆ, ದೀಪಕ್ಕೂ ಬರುತ್ತೆ. ಈ ವಿದ್ಯೆ ನನಗೆ ಗೊತ್ತು ಅಂತ ನನಗೆ ಸ್ವಲ್ಪ ಜಂಬವೂ ಇತ್ತು. ಇತ್ತು ಅಂತ ಬರೆದಿದ್ದೇನೆ, ಗಮನಿಸಿ.

ಫೋನು ಮಾಡಿದವಳು ತಂಗಿ. ಹೊಸಕೋಟೆಯಿಂದಾಚೆ ಒಂದು ಹಳ್ಳಿಗೆ ಕೊಟ್ಟಿರುವವಳು.

"ಅಕ್ಕಾ, ಕೆ.ಆರ್. ಪುರದಲ್ಲಿ ಇವ್ನಿ. ತೂಗುಸೇತುವೆ ಹತ್ರ. ಆರು ಮೂಟೆ ಅದೆ."

"ಏನು ಮೂಟೆ?"

"ನಿಮ್ಮನೆ ಚಿನ್ನ. ಹುಣಸೆಹಣ್ಣು ಕಣಕ್ಕ. ಟೊಮೇಟೊ ಟೆಂಪೋದೋನು ಇಲ್ಲೇ ಇಳಿಸಿ ಹೊಂಟೋದ. ಶಿವಾಜಿನಗರಕ್ಕೆ ಬರ್ತೀನಿ ಅಂದಿದ್ದ, ಈಗ ಟ್ರಾಫಿಕ್ ಅಂತೆ. ನೀನು ಬರ್ತೀಯೋ, ಇಲ್ಲಾ ನಾನು ಇಲ್ಲೇ ಸೇತುವೆ ಕೆಳಗೆ ಸಂಸಾರ ಹೂಡ್ಲೋ?"

ಕೈಲಿದ್ದ ದೀಪ ಕೆಳಗಿಟ್ಟೆ. ಅರ್ಧ ತಿಕ್ಕಿತ್ತು, ಅರ್ಧಕ್ಕೆ ಹುಣಸೆ ಮೆತ್ತಿತ್ತು.

ಅವಳ ಹುಣಸೆಯ ಕಥೆ ಇಷ್ಟು. ತಂಗಿಯ ಹೊಲದ ಬದುವಿನ ಮೇಲೆ ನಾಲ್ಕು ಹುಣಸೆ ಮರಗಳಿವೆ. ಅವಳು ಆ ಮನೆಗೆ ಹೋದಾಗಿಂದ ಅವುಗಳ ಹಣ್ಣು ಅವಳದಾಗಿದ್ದೇ ಇಲ್ಲ. ಆ ಕಡೆ ಪದ್ಧತಿ ಹಾಗೆ. ಮರ ಹೂ ಬಿಟ್ಟಾಗಲೇ ಗುತ್ತಿಗೆದಾರ ಬರುತ್ತಾನೆ, ಕೆಳಗೆ ನಿಂತು ಕತ್ತು ಎತ್ತಿ ನೋಡುತ್ತಾನೆ, ಒಂದು ರೇಟು ಹೇಳುತ್ತಾನೆ. ಅಲ್ಲಿಂದ ಮುಂದಕ್ಕೆ ಮರ ನಿಮ್ಮದು, ಹಣ್ಣು ಅವನದು. ಸ್ವಂತ ಮರದಡಿ ಬಿದ್ದ ನಾಲ್ಕು ಕಾಯಿಯನ್ನು ಸಾರಿಗೆ ಅಂತ ಆರಿಸಿಕೊಂಡರೂ ಅವನು ದೂರದಲ್ಲಿ ನಿಂತು ಕೆಮ್ಮುತ್ತಿದ್ದನಂತೆ. ತಂಗಿ ಆ ಕೆಮ್ಮಿಗೇ ರೋಸಿಹೋಗಿದ್ದಳು. ಈ ವರ್ಷ ಮರ ಕೊಡುವುದಿಲ್ಲ ಅಂದಳು. ಅವಳ ಗಂಡ, ಪಾಪ, ಜಗಳ ಅಂದರೆ ಎದ್ದು ಹೋಗಿ ಎಮ್ಮೆಗೆ ನೀರು ತೋರಿಸುವ ಮನುಷ್ಯ, "ಒಂದು ವರ್ಷ ನೀನೇ ಮಾಡಿ ನೋಡು" ಅಂದಿದ್ದ. ಜೊತೆಗೆ ಇನ್ನೊಂದು ಮಾತೂ ಸೇರಿಸಿದ್ದ. ಗುತ್ತಿಗೆದಾರನಿಗಿಂತ ಕಡಿಮೆ ಬಂದರೆ ಮೂರು ವರ್ಷಕ್ಕೆ ಒಟ್ಟಿಗೇ ಬರೆದುಕೊಡುವುದು. ಆ ಗುತ್ತಿಗೆದಾರ ಶುಕ್ರವಾರ ಬೆಳಗ್ಗೆ ಕಾಗದ ಹಿಡಿದು ಬರುವವನಿದ್ದ. ಅಂದರೆ ನಾಳೆ.

ಹಾಗಾಗಿ ತಂಗಿಯೇ ಆಳು ಕರೆಸಿ ಮರ ಹತ್ತಿಸಿ ಕೊಂಬೆ ಅಲ್ಲಾಡಿಸಿದಳು, ತಾನೇ ಆರಿಸಿದಳು. ಊರಿನ ಆರೇಳು ಹೆಂಗಸರನ್ನು ಕೂರಿಸಿಕೊಂಡು ಕೊಡತಿಯಲ್ಲಿ ಕುಟ್ಟಿ ಸಿಪ್ಪೆ ಬಿಡಿಸಿ, ನಾರು ಎಳೆದು, ಬೀಜ ತೆಗೆದಳು. ಒಂದು ತಿಂಗಳು ಅವಳ ಉಗುರು ಕಾಫಿ ಬಣ್ಣಕ್ಕಿತ್ತು. ಎಲ್ಲ ಆದಮೇಲೆ ಮೂಟೆ ತುಂಬುವಾಗ ಫೋನಿನಲ್ಲಿ ನನ್ನ ಸಲಹೆ ಕೇಳಿದಳು. ಕೇಳಿದ್ದಳೋ, ನಾನೇ ಕೊಟ್ಟೆನೋ, ಅದರ ಬಗ್ಗೆ ನಮ್ಮಿಬ್ಬರಲ್ಲಿ ಇವತ್ತಿಗೂ ಒಮ್ಮತವಿಲ್ಲ. "ಅಮ್ಮ ಮಾಡ್ತಿದ್ದಂಗೆ ಪದರಕ್ಕೊಂದು ಹಿಡಿ ಉಪ್ಪು ಹಾಕು, ಕೆಡಲ್ಲ" ಅಂದಿದ್ದಂತೂ ನಾನೇ.

ನಮ್ಮೆಜಮಾನ್ರು ಹಾಲಿನಲ್ಲಿ ಪೇಪರು ಓದುತ್ತಿದ್ದರು. ಕುಕ್ಕರು ಮೂರು ಕೂಗಿದ ಮೇಲೆ ಆರಿಸಿ ಅಂತ ಹೇಳಿ ಸೀರೆ ಸರಿಮಾಡಿಕೊಂಡೆ.

"ಮೂರು ಅಂದ್ರೆ ಈಗ ಆಗಿರೋ ಒಂದೂ ಸೇರಿಸಿನಾ?" ಅಂದರು.

ಮೆಟ್ರೋದಲ್ಲಿ ಕೂತು ಮೊದಲು ದೇವರಿಗೆ ಅರ್ಜಿ ಹಾಕಿದೆ. ನನ್ನದು ಗುರುವಾರದ ಒಪ್ಪತ್ತು. ಸಂಜೆ ದೀಪ ಹಚ್ಚುವವರೆಗೆ ಏನೂ ತಿನ್ನುವುದಿಲ್ಲ. ಕಾಫಿ ಲೆಕ್ಕಕ್ಕಿಲ್ಲ, ಅದು ನಾನೇ ಮಾಡಿಕೊಂಡ ತಿದ್ದುಪಡಿ, ದೇವರು ಇದುವರೆಗೆ ಆಕ್ಷೇಪಣೆ ಎತ್ತಿಲ್ಲ. ಟೀ ಲೆಕ್ಕಕ್ಕಿದೆ. ಉಪವಾಸದ ದಿನ ಕೇಳಿದ್ದು ಬೇಗ ಕಿವಿಗೆ ಬೀಳುತ್ತೆ ಅಂತ ನನ್ನ ನಂಬಿಕೆ. ತಂಗಿಯ ಮರ ತಂಗಿಗೇ ಉಳಿಸಪ್ಪಾ ಅಂದೆ. ಬೈಯಪ್ಪನಹಳ್ಳಿ ಬರುವ ಹೊತ್ತಿಗೆ ಒಂದು ತೆಂಗಿನಕಾಯಿ ಇದ್ದದ್ದು ಮೂರಾಗಿತ್ತು.

ಸೇತುವೆ ಕೆಳಗೆ ಬಸ್ಸು, ಟೆಂಪೋ, ಕ್ಯಾಬು ಎಲ್ಲ ಒಂದರ ಬೆನ್ನಿಗೊಂದು ಹಾರ್ನ್ ಹೊಡೆಯುತ್ತಿದ್ದವು. ಅದರ ಮಧ್ಯೆ ಫುಟ್‌ಪಾತಿನಲ್ಲಿ ಆರು ಮೂಟೆ ಮೂರು ಮೂರಾಗಿ ಪೇರಿಸಿ, ಅದರ ಮೇಲೆ ನನ್ನ ತಂಗಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ವಾಹನದ ಮೇಲೆ ಕೂತ ದೇವಿಯ ಥರ. ಆಯುಧದ ಬದಲು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೌತೆಕಾಯಿ.

"ಮೆಟ್ರೋ ಅಂದೆ, ಎತ್ತಿನ ಗಾಡೀಲಿ ಬಂದಂಗೆ ಬಂದೆ," ಅಂದಳು.

"ನಿಮ್ಮೂರಿನ ಮಂಡೀಗೇ ಹಾಕೋದಲ್ವೇನೆ? ಇಲ್ಲಿವರೆಗೆ ಯಾಕೆ?"

"ಅಲ್ಲಿ ಮಂಡಿಯೋನೂ ಗುತ್ತಿಗೆದಾರನೂ ಒಂದೇ ತಟ್ಟೆಲಿ ಉಣ್ಣೋರು. ನನ್ನ ಮಾಲು ನೋಡದೇ ಕಸ ಅಂತಾರೆ. ಶಿವಾಜಿನಗರದ ಸಾಹೇಬ್ರು ಕೈ ಹಾಕಿ ನೋಡಿ ರೇಟು ಹೇಳ್ತಾರಂತೆ. ಪಕ್ಕದ ಹಳ್ಳಿಯೋರು ಹೋದ್ವರ್ಷ ಹಾಕಿದ್ರು."

ಒಂದು ಗೂಡ್ಸ್ ಆಟೋ ಹಿಡಿದೆವು. ಡ್ರೈವರು ಮೂಟೆಗೊಂದು ರೇಟು ಹೇಳಿದ, ತಂಗಿ ದೂರಕ್ಕೊಂದು ರೇಟು ಹೇಳಿದಳು, ನಾನು ದೇವರ ಮೇಲೆ ಆಣೆ ಇಟ್ಟೆ, ಅವನು ಸುಸ್ತಾಗಿ ಒಪ್ಪಿದ. ಹಳೇ ಮದ್ರಾಸು ರಸ್ತೆಯಲ್ಲಿ ಬರುತ್ತಾ ಇಂದಿರಾನಗರದ ಸಿಗ್ನಲ್ಲಿನಲ್ಲಿ ಕಾಲು ಗಂಟೆ ನಿಂತೆವು. ಎದುರಿಗೆ ಗಾಜಿನ ಅಂಗಡಿ, ಬಾಗಿಲಲ್ಲಿ ಬೋರ್ಡು: ಹುಣಸೆ, ಬೆಲ್ಲ, ಸೋಡಾ ಬೆರೆಸಿದ ಪಾನೀಯವಂತೆ. ಅದರ ಬೆಲೆ ಓದಿ ಹೇಳಿದೆ. ತಂಗಿ ಆ ಬೋರ್ಡನ್ನೂ ಹಿಂದಿನ ಮೂಟೆಗಳನ್ನೂ ಒಂದೆರಡು ಸಲ ನೋಡಿದಳು.

"ಒಂದು ಲೋಟಕ್ಕೆ?"

"ಹೂಂ."

"ಇಲ್ಲೇ ಇಳಿಸಿಬಿಡಾನ ಅಕ್ಕ. ಅಂಗಡೀನೇ ಬರೆಸ್ಕೊಂಬಿಡಾನ."

ಮಂಡಿ ಇದ್ದದ್ದು ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ, ಮೂಟೆ ಹೊತ್ತವನು ಬಂದರೆ ಉಳಿದವರು ಗೋಡೆಗೆ ಅಂಟಿಕೊಳ್ಳಬೇಕಾದ ಗಲ್ಲಿಯಲ್ಲಿ. ರಂಜಾನ್ ತಿಂಗಳು. ಹಗಲಲ್ಲಿ ಗಲ್ಲಿ ಅರ್ಧ ನಿದ್ದೆಯಲ್ಲಿತ್ತು, ಹೋಟೆಲಿನ ಮುಂದೆ ಪರದೆ ಇಳಿಬಿಟ್ಟಿದ್ದರು. ಸಾಹೇಬರು ಇನ್ನೂ ಬಂದಿರಲಿಲ್ಲ. ಹಮಾಲಿ ಒಬ್ಬನಿದ್ದ, ನನ್ನಷ್ಟೇ ವಯಸ್ಸಿನ ತಮಿಳಿನವನು, ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಮಾತಾಡುವವನು. ಮೂಟೆ ಇಳಿಸಿ, ಎಲ್ಲಿಂದಲೋ ಎರಡು ಟೀ ತಂದ. ನನಗೆ ಬೇಡ, ಒಪ್ಪತ್ತು ಅಂದೆ. ಎರಡನ್ನೂ ತಂಗಿ ಕುಡಿದಳು.

"ಹಣ್ಣು ಸೂಪರಾಗಿದೆ ಅಮ್ಮಾ," ಅಂದ ಹಮಾಲಿ, ಮೂಟೆ ಬಾಯಿ ಬಿಚ್ಚಿ. "ಒಳ್ಳೆ ಹೂವಂಗೆ ಬಿಡಿಸಿದ್ದೀರ. ಉಪ್ಪು ಗಿಪ್ಪು ಹಾಕಿಲ್ಲ ತಾನೆ?"

ತಂಗಿ ಲೋಟ ಬಾಯಿಂದ ಇಳಿಸಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ತಿರುಗಿತು.

"ಹಾಕಿದ್ರೆ ಏನಾಗುತ್ತೆ?" ಅಂದೆ.

"ಏನಾಗುತ್ತಾ? ಹೋದ ವಾರ ಒಬ್ಬ ತಂದಿದ್ದ. ಸಾಹೇಬ್ರು ಮೂಟೆ ಸಮೇತ ವಾಪಸ್ ಕಳ್ಸಿದ್ರು. ಇಲ್ಲಿಂದ ಮಾಲು ಕೋಲ್ಡ್ ಸ್ಟೋರೇಜಿಗೆ ಹೋಗುತ್ತೆ ಅಮ್ಮಾ. ಉಪ್ಪಿದ್ರೆ ನೀರು ಬಿಡುತ್ತೆ. ಪಕ್ಕದ ಮೂಟೇನೂ ಹಾಳು ಮಾಡುತ್ತೆ. ತೂಕಕ್ಕೆ ಅಂತಾನೇ ಉಪ್ಪು ಹಾಕೋ ಕಳ್ಳನ್ಮಕ್ಕಳು ಇದಾರೆ."

ನಮ್ಮಮ್ಮನ ವಿದ್ಯೆ ಮನೆ ಬಾಗಿಲು ದಾಟಿದ ಕೂಡಲೇ ಕಳ್ಳತನವಾಗಿಬಿಟ್ಟಿತ್ತು. ಹಮಾಲಿ ಆಚೆ ಹೋದ. ತಂಗಿ ಲೋಟ ಕೆಳಗಿಟ್ಟಳು.

"ಪದರಕ್ಕೊಂದು ಹಿಡಿ," ಅಂದಳು, ಮೆಲ್ಲಗೆ.

"ನನಗೇನು ಗೊತ್ತಿತ್ತೇ?"

"ಕೆಡಲ್ಲ ಅಂದೆ."

"ಕೆಟ್ಟಿದೆಯಾ? ಕೆಟ್ಟಿಲ್ಲವಲ್ಲ."

"ಹಣ್ಣು ಕೆಟ್ಟಿಲ್ಲ ಬುಡು. ನಾನು ಕೆಟ್ಟೆ." ಮೂಟೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು. "ಎಲ್ಲದಕ್ಕೂ ಹಾಕಿಲ್ಲ. ನಾಲ್ಕು ಮೂಟೆಗೆ ಆಗೋವಷ್ಟೊತ್ತಿಗೆ ಉಪ್ಪು ಮುಗೀತು. ಇವರನ್ನ ಅಂಗಡಿಗೆ ಕಳ್ಸಿದ್ದೆ. ಹೋದೋರು ಇಸ್ಪೀಟು ನೋಡ್ತಾ ನಿಂತು ಮರ್ತು ಬಂದ್ರು. ಎರಡು ಮೂಟೆ ಹಂಗೇ ಕಟ್ದೆ. ಅವತ್ತು ಅವರನ್ನ ಬೈದಿದ್ದು ಬೈದಿದ್ದೇ."

ಗಂಡಸರ ಸೋಮಾರಿತನದಿಂದ ನಮ್ಮ ವಂಶಕ್ಕೆ ಆದ ಉಪಕಾರ ಇದೊಂದೇ. ದೇವರ ಕೃಪೆ ಅಂತ ಒಂದು ಬೆರಳ ಗೆಣ್ಣು ಮಡಿಸಿ ಲೆಕ್ಕಕ್ಕೆ ಹಿಡಿದೆ. ಎರಡು ಮೂಟೆ ಉಳಿಯಿತು. ನಾಲ್ಕು?

ತಂಗಿ ನನ್ನ ಕಿವಿಯ ಹತ್ತಿರ ಬಂದಳು. "ಸಾಹೇಬ್ರು ಬಂದಾಗ ನೀನು ಬಾಯಿ ಬಿಡಬ್ಯಾಡ. ಮೇಲೆ ನೋಡಿದ್ರೆ ಗೊತ್ತಾಗಲ್ಲ. ಉಪ್ಪು ಕರಗಿ ಹೋಗ್ಯದೆ."

ಸಾಹೇಬರು ಬಂದರು. ಬಿಳಿ ಗಡ್ಡ, ಬಿಳಿ ಜುಬ್ಬಾ, ಒಣಗಿದ ತುಟಿ. ಕುಳಿತುಕೊಳ್ಳುವ ಮುಂಚೆ ಮೂಟೆಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮೇಲಿನ ಹಣ್ಣನ್ನು ಅವರು ನೋಡಲೇ ಇಲ್ಲ. ತೋಳು ಮೇಲೆತ್ತಿಕೊಂಡು ಮೊಣಕೈವರೆಗೆ ಮೂಟೆಯೊಳಗೆ ಕೈ ಇಳಿಸಿ, ನಡುವಿನಿಂದ ಒಂದು ಹಿಡಿ ಕಿತ್ತು ತೆಗೆದರು. ಬೆಳಕಿಗೆ ಹಿಡಿದರು, ಹಿಸುಕಿದರು, ಮೂಸಿದರು. ಅದು ಉಪ್ಪು ಬೀಳದ ಮೂಟೆ. ನಾನು ಉಸಿರು ಬಿಟ್ಟೆ.

"ಬಹುತ್ ಅಚ್ಛಾ ಮಾಲ್," ಅಂದರು. "ನಾರಿಲ್ಲ, ಬೀಜ ಇಲ್ಲ. ನಿಮ್ದೇ ಮರನಾ ಮಾ?"

"ನಮ್ದೇ," ಅಂದಳು ತಂಗಿ. ಆ ಒಂದು ಮಾತನ್ನು ಅವಳು ಅಷ್ಟು ಜೋರಾಗಿ ಹೇಳಿದ್ದು ನಾನು ಕೇಳಿದ್ದು ಅವತ್ತೇ.

ಇನ್ನೊಂದು ಮೂಟೆಗೆ ಕೈ ಹಾಕಿದರು. ಇದು ಉಪ್ಪಿನದು. ಹಿಸುಕಿದರು. ಇನ್ನೊಂದು ಸಲ ಹಿಸುಕಿದರು. ಬೆರಳು ಬೆರಳಿಗೆ ಉಜ್ಜಿ ನೋಡಿದರು. "ಸ್ವಲ್ಪ ತೇವ ಇದೆಯಲ್ಲ," ಅಂದರು, ತಮಗೇ ಹೇಳಿಕೊಂಡಂತೆ. ಹಣ್ಣನ್ನು ಬಾಯಿಯವರೆಗೆ ತಂದವರು ಅಲ್ಲಿಗೇ ನಿಲ್ಲಿಸಿದರು.

"ರೋಜಾ," ಅಂದರು. "ಈ ತಿಂಗಳು ನನ್ನ ನಾಲಿಗೆಗೆ ರಜಾ. ನಾಲಿಗೆ ಮೇಲಿಟ್ಟು ಉಗುಳಬಹುದು ಅಂತ ಹೇಳೋರು ಇದ್ದಾರೆ. ಆದ್ರೆ ಹುಣಸೆಹಣ್ಣು ಬಾಯಿಗಿಟ್ಟು ನೀರು ನುಂಗದೇ ಇರೋ ಗಂಡಸು ನಮ್ಮ ಗಲ್ಲೀಲಿ ಹುಟ್ಟಿಲ್ಲ."

"ಇವನಿದಾನಲ್ಲ," ಅಂದಳು ತಂಗಿ, ಹಮಾಲಿಯನ್ನು ತೋರಿಸಿ. ಅವಳಿಗೆ ಅವನ ಮೇಲೆ ಏನೋ ಭರವಸೆ.

"ಅವನಾ? ಅವನ ನಾಲಿಗೆ ಹೊಗೆಸೊಪ್ಪಿಗೆ ಬಲಿಯಾಗಿ ಇಪ್ಪತ್ತು ವರ್ಷ ಆಯ್ತು. ಸಿಮೆಂಟ್ ಕೊಟ್ರೂ ಹುಳಿ ಅಂತಾನೆ."

ಹಮಾಲಿ ಸಂತೋಷವಾಗಿ ತಲೆ ಆಡಿಸಿದ.

ಸಾಹೇಬರು ನನ್ನ ಕಡೆ ತಿರುಗಿದರು. "ನೀವು ಟೀ ಬೇಡ ಅಂದ್ರಂತೆ. ನಿಮ್ದೂ ಉಪವಾಸನಾ?"

"ಗುರುವಾರದ ಒಪ್ಪತ್ತು," ಅಂದೆ. ಪ್ರಾಮಾಣಿಕತೆಗೆ ಕಾಫಿಯ ವಿಷಯವನ್ನೂ ಹೇಳಿದೆ.

ಅವರು ನಕ್ಕರು. "ಹಾಗಿದ್ರೆ ಇದನ್ನ ಕಾಫಿ ಖಾತೆಗೆ ಹಾಕ್ಕೊಳ್ಳಿ. ನೀವೇ ನೋಡಿ ಹೇಳಿ. ವ್ರತದಲ್ಲಿರೋರ ಮಾತು, ನನಗೆ ಸಾಕು."

ಹಿಡಿ ಹುಣಸೆ ನನ್ನ ಅಂಗೈಗೆ ಬಂತು. ಸೆರಗಿನ ಮರೆಯಲ್ಲಿ ತಂಗಿಯ ಬೆರಳು ನನ್ನ ಸೊಂಟದ ಮಾಂಸ ಹುಡುಕಿ ಹಿಡಿಯಿತು. ನಾವು ಚಿಕ್ಕವರಿದ್ದಾಗಲೂ ಅವಳು ಚಿವುಟುತ್ತಿದ್ದದ್ದು ಅದೇ ಜಾಗ.

ಸುಳ್ಳಿಗೆ ನಾನು ಸಿದ್ಧವಾಗಿಯೇ ಇದ್ದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಾಹೇಬರು ಮಾತಾಡುತ್ತಿದ್ದಾಗಲೇ ನಾನು ಒಂದು ಸುಳ್ಳಿಗೆ ತಗಲುವ ಪ್ರಾಯಶ್ಚಿತ್ತ ಎಷ್ಟು ಅಂತ ಲೆಕ್ಕ ಹಾಕಿ ಮುಗಿಸಿದ್ದೆ: ಇಪ್ಪತ್ತೊಂದು ಪ್ರದಕ್ಷಿಣೆ, ಒಂದು ತಿಂಗಳು ಕಾಫಿ ಇಲ್ಲ. ಕಾಫಿ ಹದಿನೈದು ದಿನಕ್ಕೆ ಇಳಿಸಬಹುದೇ ಅಂತ ದೇವರ ಜೊತೆ ಚೌಕಾಸಿ ನಡೆದಿತ್ತು. ನಾಲ್ಕು ಮರ, ತಂಗಿಯ ಕಾಫಿ ಬಣ್ಣದ ಉಗುರು, ಆ ಗುತ್ತಿಗೆದಾರನ ಕೆಮ್ಮು. ಅದರ ಮುಂದೆ ಒಂದು ಮಾತು ಏನು ಮಹಾ? 'ಚೆನ್ನಾಗಿದೆ' ಅನ್ನಬೇಕು, ಅಷ್ಟೆ. ಅದು ಸುಳ್ಳೂ ಅಲ್ಲ. ಚೆನ್ನಾಗಿಯೇ ಇತ್ತು.

ಬಾಯಿಗೆ ಹಾಕಿಕೊಂಡೆ. ಬೆಳಗಿನಿಂದ ಖಾಲಿ ಇದ್ದ ಬಾಯಿ. ಹುಳಿ, ಅದರ ಹಿಂದೆ ಒಂಚೂರು ಸಿಹಿ, ಅದರ ಹಿಂದೆ ಉಪ್ಪು, ನಮ್ಮಮ್ಮನ ಭರಣಿಯ ಮುಚ್ಚಳ ತೆಗೆದಂತೆ. ಕಣ್ಣು ಮುಚ್ಚಿಹೋಯಿತು.

ಕಣ್ಣು ತೆರೆದಾಗ ಸಾಹೇಬರು ನನ್ನ ಮುಖ ನೋಡುತ್ತಿರಲಿಲ್ಲ. ಮೂಟೆಯ ಕಡೆ ತಿರುಗಿ, ದರ್ಜೆ ಬರೆಯಲು ಸೀಮೆಸುಣ್ಣ ಹಿಡಿದು, ನನ್ನ ಮಾತಿಗೆ ಕಾದು ನಿಂತಿದ್ದರು. ಅದೇ ನನ್ನನ್ನು ಹಾಳು ಮಾಡಿದ್ದು. ನಮ್ಮ ಮನೆಯಲ್ಲಿ ಗ್ಯಾಸ್ ಮುಗಿಯಿತು ಅಂತ ನಾನು ಹೇಳಿದರೆ ನಮ್ಮೆಜಮಾನ್ರು ಎದ್ದು ಬಂದು ಸಿಲಿಂಡರ್ ಅಲ್ಲಾಡಿಸಿ ನೋಡುತ್ತಾರೆ. ಮಳೆ ಬರುತ್ತಿದೆ ಅಂದರೆ ಕಿಟಕಿಯಾಚೆ ಕೈ ಚಾಚುತ್ತಾರೆ. ಇಷ್ಟು ವರ್ಷದಲ್ಲಿ ನನ್ನ ಬಾಯಿಂದ ಬಂದದ್ದನ್ನು ಹಾಗೇ ಬರೆದುಕೊಳ್ಳಲು ಸೀಮೆಸುಣ್ಣ ಎತ್ತಿದ ಮೊದಲನೇ ಮನುಷ್ಯ ಇವರು. ಅದೂ ನೀರೂ ಕುಡಿಯದೆ.

"ಉಪ್ಪಿದೆ," ಅಂದೆ. "ನಾಲ್ಕು ಮೂಟೆಯಲ್ಲಿ ಇದೆ. ತೂಕಕ್ಕೆ ಅಲ್ಲ. ಕೆಡದೇ ಇರಲಿ ಅಂತ ನಾನೇ ಹಾಕಿಸಿದ್ದು."

ಚಿವುಟಿದ ಬೆರಳು ಸಡಿಲವಾಯಿತು. ತಂಗಿ ಹೋಗಿ ಮಂಡಿಯ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ನಾಳೆ ಬೆಳಗ್ಗೆ ಕಾಗದ ತತ್ತಾನೆ," ಅಂದಳು, ರಸ್ತೆಯ ಕಡೆ ನೋಡುತ್ತಾ. ಅಷ್ಟೇ.

ಒಪ್ಪತ್ತು ಮುರಿಯಿತು, ತಂಗಿ ಮುರಿದಳು, ಸಂತೋಷವಾಯಿತೇ ಅಂತ ದೇವರನ್ನು ಕೇಳಿದೆ. ಬೇಕಾದಾಗ ಅವನು ಯಾವಾಗಲೂ ಮೀಟಿಂಗಿನಲ್ಲಿರುತ್ತಾನೆ.

ಸಾಹೇಬರು ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡರು. ಉಪ್ಪು ಬೀಳದ ಎರಡು ಮೂಟೆಯನ್ನು ಬೇರೆ ಮಾಡಿಸಿ ಅದಕ್ಕೆ ಮೇಲಿನ ದರ್ಜೆಯ ರೇಟೇ ಹಾಕಿದರು. ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ಉಳಿದ ನಾಲ್ಕನ್ನು ನೋಡುತ್ತಾ ಗಡ್ಡ ನೀವಿಕೊಂಡರು.

"ಇದು ನನ್ನ ಮಾಲಲ್ಲ ಮಾ. ನನ್ನ ಮೇಲಿನ ವ್ಯಾಪಾರಿ ತಗೊಳ್ಳಲ್ಲ. ಆದ್ರೆ ನಮ್ಮನೇಲೂ ಹೀಗೇ ಇಡ್ತಾರೆ. ಉಪ್ಪು ಹಾಕಿ, ಮಡಕೇಲಿ. ಅಂಗಡಿ ಇಮ್ಲಿ ನನ್ನ ಹೆಂಡತಿ ಮುಟ್ಟಲ್ಲ. ನನ್ನ ಅಂಗಡೀದನ್ನೂ ಮುಟ್ಟಲ್ಲ." ಸ್ವಲ್ಪ ಯೋಚಿಸಿದರು. "ಅಸರ್, ಅಂದ್ರೆ ಇಳಿಹೊತ್ತಿನ ನಮಾಜ್ ಆದ್ಮೇಲೆ ಹೆಂಗಸರು ಇಫ್ತಾರಿಗೆ ಸಾಮಾನು ತಗೊಳ್ಳೋಕೆ ಬರ್ತಾರೆ. ಇಲ್ಲೇ ಮೆಟ್ಟಿಲ ಪಕ್ಕ ಕೂತ್ಕೊಳ್ಳಿ. ತಕ್ಕಡಿ ಕೊಡ್ತೀನಿ. ಉಪ್ಪಿದೆ ಅಂತ ಹೇಳಿಯೇ ಮಾರಿ."

ಹೇಳಿಯೇ ಮಾರಿದೆವು. ಮೊದಲ ಅರ್ಧ ಗಂಟೆ ಯಾರೂ ನಿಲ್ಲಲಿಲ್ಲ. ತಂಗಿ ಮೂಟೆಯ ಬಾಯಿ ಬಿಚ್ಚಿಟ್ಟು ತನ್ನ ಪಾಡಿಗೆ ಕೂತಿದ್ದಳು, ಸಂತೆಯಲ್ಲಿ ಯಾರದೋ ಚಪ್ಪಲಿ ಕಾಯುವವಳ ಹಾಗೆ. ಕೊನೆಗೆ ಬುರ್ಖಾ ಹಾಕಿದ ಒಬ್ಬ ದೊಡ್ಡ ಹೆಂಗಸು, ಕೈಲಿ ಪುದೀನ ಕಟ್ಟು, ಬಗ್ಗಿ ನೋಡಿದರು.

"ಯೇ ಘರ್ ಕಾ ಹೈ ಕ್ಯಾ?"

"ಮನೇದೇ," ಅಂದೆ. "ಉಪ್ಪು ಹಾಕಿದ್ದೀವಿ."

"ಎಷ್ಟು ಉಪ್ಪು? ಜಾಸ್ತೀನಾ? ನನಗೆ ರೋಜಾ, ಬಾಯಿಗೆ ಹಾಕೋ ಹಾಗಿಲ್ಲ. ನೀವು ನೋಡಿ."

ನೋಡಿದೆ. ಹದವಾಗಿದೆ, ಸಾರಿಗೆ ಹಾಕಿದಾಗ ಒಂದು ಚಿಟಿಕೆ ಉಪ್ಪು ಕಡಿಮೆ ಹಾಕಿ ಅಂದೆ. ಅವರು ಎರಡು ಕಿಲೋ ತೂಗಿಸಿಕೊಂಡರು. ಹೋಗುತ್ತಾ ನಾಲ್ಕು ಜನರಿಗೆ ಹೇಳಿದರು. ಇನ್ನೊಬ್ಬರು, ಫ್ರೇಜರ್ ಟೌನಿನಲ್ಲಿ ಟೀಚರಂತೆ, ಫೋನು ಬಾಯಿ ಹತ್ತಿರ ಹಿಡಿದು ಯಾವುದೋ ಗುಂಪಿಗೆ ಮೆಸೇಜು ಬಿಟ್ಟರು: ಗಾಂವ್ ಕಾ ಇಮ್ಲಿ, ನಮಕ್ ವಾಲಾ, ಜಲ್ದೀ ಆವೋ. ಹಳ್ಳಿ ಹುಣಸೆ, ಉಪ್ಪು ಹಾಕಿದ್ದು, ಬೇಗ ಬನ್ನಿ ಅಂತ. ಆಮೇಲೆ ಗಲ್ಲಿ ತುಂಬಿಹೋಯಿತು. ವರ್ಷಕ್ಕಾಗುವಷ್ಟು ಬೇಕು ಅಂತ ಐದೈದು ಕಿಲೋ ಕೇಳುವವರು. ಲಿಂಗರಾಜಪುರದಿಂದ ಬಂದಿದ್ದ ತಮಿಳು ಅಮ್ಮ ಒಬ್ಬರು, ಕುಕ್ ಟೌನಿನಿಂದ ಛತ್ರಿ ಹಿಡಿದು ಬಂದಿದ್ದ ಗೌನಿನ ಅಜ್ಜಿ ಒಬ್ಬರು. ಅಜ್ಜಿ ತಾವೇ ಬಾಯಿಗೆ ಹಾಕಿಕೊಂಡು, "ಮೈ ಮದರ್ಸ್ ಪಿಕಲ್" ಅಂತ ಇಂಗ್ಲಿಷಿನಲ್ಲೇ ನಿಟ್ಟುಸಿರು ಬಿಟ್ಟರು.

ಅಜ್ಜಿ ಬಿಟ್ಟರೆ ಮಿಕ್ಕವರಲ್ಲಿ ಮುಕ್ಕಾಲು ಪಾಲು ರೋಜಾ ಇದ್ದವರು. ಎಲ್ಲರಿಗೂ ರುಚಿ ನೋಡಿಯೇ ತಗೋಬೇಕು, ಯಾರೂ ನೋಡುವ ಹಾಗಿಲ್ಲ. ಮೇಲೆ ಒಂದು ರುಚಿ, ಕೆಳಗಿನದು ಬೇರೆ ಇದ್ದರೆ? ತೋರಿಸಿ, ತಿನ್ನಿ, ಹೇಳಿ. ನನ್ನ ಒಪ್ಪತ್ತು ಹೇಗೂ ಹೋಗಿತ್ತಲ್ಲ, ಇಡೀ ಶಿವಾಜಿನಗರಕ್ಕೆ ಆ ಸಂಜೆ ಒಂದೇ ನಾಲಿಗೆ, ನನ್ನದು. ಆರು ಗಂಟೆ ಹೊತ್ತಿಗೆ ಹಲ್ಲೆಲ್ಲಾ ಜುಮ್ಮೆನ್ನುತ್ತಿತ್ತು, ನಾಲಿಗೆಯ ತುದಿ ಸುಲಿದಿತ್ತು, ಮಾತು ತೊದಲುತ್ತಿತ್ತು.

"ಅಕ್ಕಾ, ಇವರಿಗೊಂಚೂರು ನೋಡು," ಅನ್ನುತ್ತಿದ್ದಳು ತಂಗಿ, ತೂಗುತ್ತಾ. ಅವಳ ಗಂಟಲು ಬಿಚ್ಚಿಕೊಂಡಿತ್ತು. ಆ ಕಣ್ಣಲ್ಲಿ ಕರುಣೆ ಅನ್ನೋದು ಇರಲಿಲ್ಲ. "ಇನ್ನೊಂಚೂರು ತಕ್ಕೋ. ಅಡೀಲಿಂದ ತಕ್ಕೋ. ಉಪ್ಪು ಹಾಕ್ಸಿದ್ದು ನೀನೇ ತಾನೆ?"

"ಛೀ, ಸಾಕಾಯ್ತು ಕಣೆ."

"ಪದರಕ್ಕೊಂದು ಹಿಡಿ ಅಂದಿದ್ದೆ. ಪದರಕ್ಕೊಂದು ತುತ್ತು ತಿನ್ನು."

ಸೂರ್ಯ ಮುಳುಗುವ ಹೊತ್ತಿಗೆ ಗಲ್ಲಿ ಒಂದೇ ಸಲ ಖಾಲಿಯಾಯಿತು, ಎಲ್ಲರೂ ಮನೆ ಕಡೆ ಓಡಿದರು. ಎರಡೂವರೆ ಮೂಟೆ ಹೋಗಿತ್ತು, ಒಂದೂವರೆ ಉಳಿದಿತ್ತು. ಮಸೀದಿಯ ಕೂಗು ಕೇಳಿಸಿತು. ಸಾಹೇಬರು ಮೊದಲು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನಮಗೂ ಎರಡೆರಡು ಕೊಟ್ಟರು. ಆಮೇಲೆ ಬಗ್ಗಿ ಉಪ್ಪಿನ ಮೂಟೆಯಿಂದ ಒಂದು ಚೂರು ಕಿತ್ತು ನಾಲಿಗೆ ಮೇಲಿಟ್ಟು ಚಪ್ಪರಿಸಿದರು.

"ಸರಿಯಾಗೇ ಹೇಳಿದ್ದೀರಿ," ಅಂದರು. "ಒಂದು ಚಿಟಿಕೆ ಜಾಸ್ತಿ."

ಆ ಖರ್ಜೂರ ಸುಲಿದ ನಾಲಿಗೆಗೆ ತಾಗಿದಾಗ ಆದ ಸುಖಕ್ಕೆ ಇನ್ನೊಂದು ಗೆಣ್ಣು ಮಡಿಸಿದೆ. ಒಪ್ಪತ್ತು ಬಿಡುವ ಹೊತ್ತಿಗೆ ಸರಿಯಾಗಿ ಸಿಹಿ ಸಿಕ್ಕಿತ್ತು. ಮಧ್ಯಾಹ್ನ ನಾನು ಕೇಳಿದ್ದಕ್ಕೆ ದೇವರು ಈಗ ಮೀಟಿಂಗು ಮುಗಿಸಿ ಬಂದು ಉತ್ತರ ಕೊಟ್ಟನೋ, ಇಲ್ಲ ಅವನ ಪಾಡಿಗೆ ಹೋಗುತ್ತಾ ಕೈಗೆ ಸಿಕ್ಕಿದ್ದು ಕೊಟ್ಟನೋ, ನನಗೆ ಗೊತ್ತಿಲ್ಲ.

ತಂಗಿ ಸೊಂಟದ ಚೀಲವನ್ನು ಎರಡು ಸಲ ಅದುಮಿ ನೋಡಿದಳು. ಗುತ್ತಿಗೆದಾರ ಹೇಳಿದ್ದಕ್ಕಿಂತ ಜಾಸ್ತಿ ಇತ್ತು. ಆಳಿಗೆ, ಟೆಂಪೋಗೆ, ಆಟೋಗೆ ಕಳೆದರೆ ಆ ಜಾಸ್ತಿ ಒಂದು ಎಳೆಯಷ್ಟು, ಒಂದು ತಿಂಗಳ ಉಗುರಿಗೆ ಅಷ್ಟೇನಾ ಅನ್ನುವಷ್ಟು. ಆದರೂ ಜಾಸ್ತಿಯೇ. ಮೆಟ್ಟಿಲ ಮೇಲೆ ನಿಂತೇ ಗಂಡನಿಗೆ ಫೋನು ಮಾಡಿದಳು.

"ರೀ. ಬೆಳಗ್ಗೆ ಅವನು ಬಂದ್ರೆ ಕಾಫಿ ಕೊಟ್ಟು ಕಳ್ಸಿ. ಕಾಗದ ಅವನ ಜೇಬಲ್ಲೇ ಇರ್ಲಿ... ಹೂಂ, ಬಂತು. ಜಾಸ್ತಿನೇ ಬಂತು... ಮರ ಬರೆಯಂಗಿಲ್ಲ ಅಂದೆ. ಕೇಳುಸ್ತಾ? ಎಮ್ಮೆ ಹತ್ರ ಹೋಗಬ್ಯಾಡಿ, ಇಲ್ಲಿ ಮಾತು ಮುಗಿದಿಲ್ಲ." ಆ ಕಡೆಯಿಂದ ಏನೋ ಕೇಳಿರಬೇಕು. ನನ್ನ ಕಡೆ ನೋಡಿದಳು. "ಮುಂದಿನ್ವರ್ಷನಾ? ಮುಂದಿನ್ವರ್ಷ ಉಪ್ಪಿಲ್ದೇ ಕಟ್ತೀನಿ. ಅಕ್ಕನಿಗೆ ಫೋನೂ ಮಾಡಲ್ಲ."

ಉಳಿದ ಮೂಟೆಗಳನ್ನು ಆಟೋದಲ್ಲಿ ಹಲಸೂರಿಗೆ ತಂದು ನಮ್ಮ ಮಂಚದ ಕೆಳಗೆ ತಳ್ಳಿದೆವು. ಬೀದಿಯವರು ಒಂದು ವಾರದಲ್ಲಿ ಖಾಲಿ ಮಾಡುತ್ತಾರೆ ಅಂತ ನಾನು ಭರವಸೆ ಕೊಟ್ಟೆ. ನನ್ನ ಭರವಸೆ ಅಂದಕೂಡಲೇ ತಂಗಿ ಕೈ ಮುಗಿದಳು. ನಮ್ಮೆಜಮಾನ್ರು ಬಗ್ಗಿ ಮಂಚದ ಕೆಳಗೆ ನೋಡಿದರು.

"ಏನಿದು?"

"ಹುಣಸೆಹಣ್ಣು," ಅಂದೆ.

ಕೈ ಹಾಕಿ ಒಂದು ಚೂರು ತೆಗೆದು ನೆಕ್ಕಿ ನೋಡಿದರು. "ಹುಣಸೆಹಣ್ಣೇ," ಅಂದರು.

ಅನ್ನ ಮುದ್ದೆಯಾಗಿತ್ತು. ಕುಕ್ಕರು ಐದು ಕೂಗಿತ್ತಂತೆ. ತಂಗಿ ಅದನ್ನೇ ಮೊಸರಲ್ಲಿ ಕಲಸಿಕೊಂಡು ಗೋಡೆಗೊರಗಿ ತಿನ್ನುತ್ತಿದ್ದಳು. ನನಗೆ ಬಿಸಿ, ಖಾರ, ಹುಳಿ ಯಾವುದೂ ಬಾಯಿಗೆ ಇಡುವ ಹಾಗಿರಲಿಲ್ಲ, ಒಂದು ಲೋಟ ತಣ್ಣನೆ ಹಾಲು ಕುಡಿದೆ. ಬಚ್ಚಲ ಬಾಗಿಲಲ್ಲಿ ದೀಪಗಳು ಬೆಳಗ್ಗೆ ಬಿಟ್ಟ ಹಾಗೇ ಬಿದ್ದಿದ್ದವು. ಹುಣಸೆ ಒಣಗಿ ಹಕ್ಕಳೆ ಕಟ್ಟಿ, ಅದರ ಅಡಿಯಲ್ಲಿ ಹಿತ್ತಾಳೆ ಕೆಂಪು ಕೆಂಪಾಗಿ ಮಚ್ಚೆ ಬಿದ್ದಿತ್ತು.

"ನೆನೆಯೋಕೆ ಇಟ್ಟಿದ್ದೀಯ ಅಂದ್ಕೊಂಡೆ," ಅಂದರು ಇವರು.

ಮಂಚದ ಕೆಳಗಿನ ಮೂಟೆಯಿಂದ ಹೊಸದೊಂದು ಹಿಡಿ ಕಿತ್ತುಕೊಂಡು ಬಂದು, ಸೀರೆ ಎತ್ತಿ ಸಿಕ್ಕಿಸಿ, ಮಣೆ ಎಳೆದು ಕೂತೆ. ಮೊದಲ ದೀಪದ ಕತ್ತಿನ ಮಚ್ಚೆಯನ್ನು ಹೆಬ್ಬೆರಳಲ್ಲಿ ತಿಕ್ಕತೊಡಗಿದೆ.